ನಾಲ್ಕು ತೇಪೆ

ಹನಿ ಬೀಳುತ್ತಿದ್ದುದು ನನ್ನ ಬೇಸಿನ್ನಿನ ಪಕ್ಕಕ್ಕೆ.
ಪೈಂಟಿನ ಡಬ್ಬ ಇಟ್ಟಿದ್ದೆ. ಮೂರು ದಿನಕ್ಕೆ ತುಂಬಿತು,
ನಾಲ್ಕನೆಯ ದಿನ ಸಾಹುಕಾರರು ನೋಡಿದರು.
"ನೀವು ಹೆಂಗಸರು ಮೇಲೆ ಮೆಣಸಿನಕಾಯಿ ಒಣಗಿಸ್ತೀರಿ,
ಅದಕ್ಕೇ," ಅಂದರು.
ಮೆಣಸಿನಕಾಯಿಗೆ ರಬ್ಬರು ತೂತಾಗುವುದಾದರೆ
ನಮ್ಮ ಹೊಟ್ಟೆಗಳ ಗತಿ ಏನು ಅಂತ
ಪಿಳ್ಳಮ್ಮ ಗೊಣಗಿದಳು, ಗೂಡಿನ ಎಳೆ ಹುಡುಕುತ್ತಾ.

ಇಡೀ ಶಿಡ್ಲಘಟ್ಟದಲ್ಲಿ ಅಂಥ ಶೀಟು ಇವರದೊಂದೇ ಅಂತೆ.
ಹಾಸಿದ ಕಂಪನಿಯವರು ಫೋನು ಎತ್ತಲಿಲ್ಲ.
ಕೊನೆಗೆ ಚಿಂತಾಮಣಿ ರಸ್ತೆಯ ಪಂಕ್ಚರ್ ಅಂಗಡಿಯಿಂದ
ಸನಾವುಲ್ಲಾ ಬಂದ,
ಬಕೆಟ್ಟು, ಅರ, ಸೊಲ್ಯೂಷನ್ನು,
ಕಿವಿಯ ಸಂದಿಯಲ್ಲಿ ಸೀಮೆಸುಣ್ಣ.

"ಟ್ಯೂಬಾದ್ರೆ ನೀರಲ್ಲಿ ಮುಳುಗಿಸ್ತೀನಿ, ಗುಳ್ಳೆ ಹೇಳ್ತದೆ.
ಇಷ್ಟು ದೊಡ್ಡ ಸೂರನ್ನ ಯಾವ ತೊಟ್ಟಿಗೆ ಮುಳುಗಿಸ್ಲಿ?"
ಡಬ್ಬದ ನೇರಕ್ಕೆ ಮೇಲೆ ಮೊಣಕಾಲೂರಿ
ಅಂಗೈ ಸವರಿದ. ಅಲ್ಲೇನೂ ಇಲ್ಲ.
ನೀರು ಹೊಕ್ಕ ಕಡೆಯೇ ಇಳಿಯುವುದಿಲ್ಲವಂತೆ,
ಶೀಟಿನ ಅಡಿ ತೆವಳಿ ತೆವಳಿ
ಗಾರೆಯ ಬಿರುಕು ಸಿಕ್ಕಲ್ಲಿ
ಸುಸ್ತಾಗಿ ಕೆಳಗೆ ಕೂರುತ್ತದಂತೆ.

ಬಟ್ಟೆಗೆ ಹಾಕುವ ನೀಲಿ ಕೇಳಿದ, ಬಕೆಟ್ಟಿಗೆ ಕದಡಿದ,
ಒಂದೊಂದು ಮಾರಿಗೂ ಸುರಿದು ಕಾದ.
ನಾನು ಕೆಳಗೆ, ಕತ್ತು ನೋಯುವ ತನಕ ಮೇಲೆ ನೋಡುತ್ತ.

ಬಂತು.
ಡಬ್ಬದ ಅಂಚಿಗೆ ಬಡಿದು ಸಿಡಿದು
ಆಗಷ್ಟೇ ಬಿಚ್ಚಿದ ಲಡಿಯ ಮೇಲೆ ನೀಲಿ ಚುಕ್ಕೆ.
ಕೂಗಿದೆ. ಲಡಿಯನ್ನು ಮಗುಚಿ ಇಟ್ಟೆ.

ಮೇಲೆ, ಟ್ಯಾಂಕಿನ ನೆರಳಲ್ಲಿ,
ಸಂಜೆಗಾಳಿ ಚೆನ್ನಾಗಿ ಬೀಸುವ ಮೂಲೆ.
ಸೀಮೆಸುಣ್ಣದಲ್ಲಿ ಸುತ್ತು ಹಾಕಿದ್ದ.
ಒಂದಲ್ಲ, ನಾಲ್ಕು. ಅಳತೆ ಹಿಡಿದಂಥ ಚೌಕ.
ಟ್ಯಾಂಕಿಗೆ ಒರಗಿಸಿಟ್ಟ ಸಾಹುಕಾರರ ಕಬ್ಬಿಣದ ಕುರ್ಚಿ
ಕಾಲಿನ ಬುಡದ ರಬ್ಬರು ಯಾವತ್ತೋ ಉದುರಿದ್ದು.
ನೋಡಿದ, ನೋಡಿದೆ. ಏನೂ ಅನ್ನಲಿಲ್ಲ.

ಒರೆಸಿದ, ಒಣಗಿಸಿದ, ಅರದಿಂದ ತರಿ ಮಾಡಿದ,
ಸೊಲ್ಯೂಷನ್ ಹಚ್ಚಿ ಸುಮ್ಮನೆ ಕೂತ.
"ಹಸಿ ಇದ್ದಾಗ ಅಂಟಿಸಬಾರ್ದು. ಇನ್ನು ಅಂಟಲ್ಲ
ಅನ್ನೋ ಹಂಗಾದಾಗಲೇ ಅಂಟೋದು.
ಬೆರಳ ಹಿಂಬದಿ ತಾಗಿಸಿ ನೋಡು."
ಇಪ್ಪತ್ತು ವರ್ಷ ಬಿಸಿನೀರಲ್ಲಿ ಬೆಂದ ಬೆರಳು,
ಒಳಬದಿಗೆ ಏನೂ ತಿಳಿಯುವುದಿಲ್ಲ.
ಹಿಂಬದಿಗೆ ತಿಳಿಯಿತು.

ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದ,
ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದಂತೆ.

"ಸೋರಿದ್ದು ಒಂದು ಕಡೆ, ನಾಲ್ಕಕ್ಕೆ ಯಾಕಯ್ಯ ದುಡ್ಡು?"
"ಕುರ್ಚಿಗೆ ಕಾಲು ನಾಲ್ಕಲ್ವಾ, ಸಾಹುಕಾರ್ರೇ."
ಎಣಿಸಿ ಕೊಟ್ಟರು.

ಕುರ್ಚಿ ಈಗ ಕೆಳಗೆ, ಗೂಡಿನ ಚೀಲಗಳ ಹತ್ತಿರ.
ತೇಪೆ ನಾಲ್ಕರ ನಡುವಿನ ಚೌಕದಲ್ಲಿ
ಪಿಳ್ಳಮ್ಮನ ಮೆಣಸಿನಕಾಯಿ.