ಕಡ್ಡಿಯ ಲೆಕ್ಕ

ಆ ಕಾಮಾಜ್ ಲಾರಿಯ ಎಣ್ಣೆ ಮುಳ್ಳು ಸತ್ತು ಆರು ವರ್ಷ.
ಗಾಜಿನೊಳಗೆ ಯಾವಾಗಲೂ ಅರ್ಧಕ್ಕೇ ನಿಂತಿರುತ್ತಿತ್ತು,
ಊಟಕ್ಕೆ ಕರೆದರೆ ‘ಈಗಷ್ಟೇ ಆಯಿತು’ ಅನ್ನುವ
ಸಂಕೋಚದ ನೆಂಟನ ಹಾಗೆ.
ನಾವು ನಂಬಿದ್ದು ಕಡ್ಡಿಯನ್ನು.
ಖೊರೋಗ್ ಕಡೆಯಿಂದ ಬಂದ ಜರ್ದಾಳು ಕೊಂಬೆ;
ಮುರ್ಗಾಬಿನಲ್ಲಿ ಕಡ್ಡಿಗೂ ಒಂದು ಮರವಿಲ್ಲ.
ಒರ್ಮೊನ್‌ಬೆಕ್ ಅದರ ಮೇಲೆ ಚಾಕುವಿನಲ್ಲಿ ಗೆರೆ ಕೊರೆದಿದ್ದ:
ಗೆರೆಗೆ ಸಮತಟ್ಟಿನಲ್ಲಿ ಮೂವತ್ತು ಕಿಲೋಮೀಟರು,
ಏರಿನಲ್ಲಿ ಹದಿನಾರು,
ಎದುರುಗಾಳಿಯಾದರೆ ದೇವರು ಕೊಟ್ಟಷ್ಟು.

ಆ ವಾರ ಬಜಾರಿನಲ್ಲಿ ಡೀಸೆಲ್ ಇರಲಿಲ್ಲ.
ಟ್ಯಾಂಕರು ಬರಲಿಲ್ಲ,
ಬರುತ್ತದೆ ಅಂದಿದ್ದವನೂ ಬರಲಿಲ್ಲ.
ಲಾರಿಯಲ್ಲಿ ಐವತ್ತು ಮೂಟೆ ಹಿಟ್ಟು, ಒಂದು ಕಬ್ಬಿಣದ ಒಲೆ,
ಮುಂದೆ ನಮ್ಮಿಬ್ಬರ ನಡುವೆ ಬುರುಲ್ಕಾನ್ ಚಿಕ್ಕಮ್ಮ,
ಅವಳ ತೊಡೆಯ ಮೇಲೆ, ಕಾಲಡಿಗೆ, ಬೆನ್ನಿಗೆ
ಒಟ್ಟು ಒಂಬತ್ತು ಕೆಂಪು ರಜಾಯಿ.
ನಾಡಿದ್ದು ಕಾರಾಕುಲ್‌ನಲ್ಲಿ ಮಗಳ ಮದುವೆ.

ಕಡ್ಡಿ ಇಳಿಸಿದೆ, ಎತ್ತಿದೆ.
ನಾಲ್ಕು ಗೆರೆ, ಉಗುರಗಲ ಕಡಿಮೆ.
‘ತಲುಪುತ್ತೀವಾ?’
‘ಸಾಲದು’ ಅಂದ ಒರ್ಮೊನ್‌ಬೆಕ್,
ಕಡ್ಡಿ ತುಂಡು ಮಾಡಿದ ಹಾಗೆ.
ಆಮೇಲೆ ಗಾಡಿ ಚಾಲೂ ಮಾಡಿದ.

ನಲವತ್ತು ದಾಟಲಿಲ್ಲ. ಬ್ರೇಕು ಮುಟ್ಟಲಿಲ್ಲ.
ಬ್ರೇಕೆಂದರೆ ಸುಟ್ಟ ಎಣ್ಣೆಯನ್ನು ರಸ್ತೆಗೆ ಚೆಲ್ಲಿದ ಹಾಗೆ.
ಯಾಕುಗಳು ಅಡ್ಡ ಬಂದರೆ ಅರ್ಧ ಮೈಲಿ ಮೊದಲೇ ಕಾಲು ಸಡಿಲಿಸಿ
ಅವು ದಾಟುವ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದ.
ಬಲಕ್ಕೆ ಚೀನಾದ ತಂತಿಬೇಲಿ
ನಮ್ಮ ಜೊತೆಜೊತೆಗೇ ಓಡುತ್ತಿತ್ತು.
ಅದಕ್ಕೇನು, ಎಣ್ಣೆ ಬೇಕೇ?

ಅಕ್-ಬೈತಾಲಿನ ಕೊನೆಯ ಏರಿನಲ್ಲಿ ಎಂಜಿನು ಕೆಮ್ಮಿತು.
ಮೂತಿ ಮೇಲಾದಾಗ ಇದ್ದಬದ್ದ ಡೀಸೆಲ್
ಟ್ಯಾಂಕಿನ ಹಿಂದಕ್ಕೆ ಸರಿಯುತ್ತದೆ,
ಹೀರುವ ಕೊಳವೆ ಮುಂದಿದೆ;
ಇದ್ದೂ ಇಲ್ಲದ ಹಾಗೆ.
ಒರ್ಮೊನ್‌ಬೆಕ್ ಇಳಿದ. ಟ್ಯಾಂಕನ್ನು ಮುಷ್ಟಿಯಿಂದ ಬಡಿದು
ಕಿವಿಗೊಟ್ಟ, ಕಲ್ಲಂಗಡಿ ಕೊಳ್ಳುವವನಂತೆ.
‘ತಿರುಗಿಸೋಣ’ ಅಂದ.
ವಾಪಸ್ಸು ಅಂದುಕೊಂಡೆ.

ಲಾರಿ ತಿರುಗಿಸಿ, ರಿವರ್ಸ್ ಹಾಕಿ
ಗುಡ್ಡ ಹತ್ತಿಸತೊಡಗಿದ.
ನಾನು ಚಕ್ರಕ್ಕೆ ಕೊಡುವ ಕಲ್ಲು ಹಿಡಿದು ಹಿಂದೆ,
ಅಂದರೆ ಮುಂದೆ, ಏದುಸಿರಲ್ಲಿ ಕೂಗುತ್ತ:
ರೈಟ್, ರೈಟ್, ಬರಲಿ, ಇನ್ನೂ ಬರಲಿ.
ಅಕ್-ಬೈತಾಲ್ ಅಂದರೆ ಬಿಳಿ ಕುದುರೆ.
ಆ ಕುದುರೆಯನ್ನು ನಾವು
ಬಾಲದ ಕಡೆ ಮುಖ ಮಾಡಿ ಹತ್ತಿದೆವು.
ಬುರುಲ್ಕಾನ್‌ಳ ಎದುರಿನ ಗಾಜಿನಲ್ಲಿ
ಬಂದ ದಾರಿಯೆಲ್ಲ ಬಿಚ್ಚಿಕೊಂಡು ಬಿದ್ದಿತ್ತು.
ಮದುವೆಗೆ ಹೊರಟವರು ಹಿಂದೆ ನೋಡಬಾರದು,
ಅಂದಳಂತೆ;
ನೋಡಿದಳಂತೆ, ಕಣ್ಣು ಮಿಟುಕಿಸದೆ.

ಇಳಿಜಾರಿನಲ್ಲಿ ನಾನು ಬುದ್ಧಿವಂತನಾದೆ:
‘ಎಂಜಿನ್ ಆರಿಸಿಬಿಡು, ಉಳಿಯುತ್ತದೆ.’
ನಕ್ಕ, ಆ ದಿನಕ್ಕೆ ಅದೊಂದೇ ಸಲ.
ಗೇರಿನಲ್ಲಿದ್ದರೆ ಗುಡ್ಡವೇ ಎಂಜಿನನ್ನು ತಿರುಗಿಸುತ್ತದೆ,
ಎಂಜಿನು ಗಾಳಿ ತುಂಬುತ್ತದೆ, ಗಾಳಿಯೇ ಬ್ರೇಕು.
‘ಜೀವ ತೆಗೆಯುವ ಉಳಿತಾಯವೂ ಇದೆ, ತಮ್ಮಾ.’

ಕಾರಾಕುಲ್ ಸರೋವರ ಸೀಸದ ತಗಡಿನ ಹಾಗೆ ಕಂಡಿತು.
ಊರಿಗೆ ಎಂಟು ಕಿಲೋಮೀಟರು.
ಸದ್ದು ನಿಂತ ಮೇಲೂ ಲಾರಿ ಒಂದಷ್ಟು ಉರುಳಿತು,
ಆ ಮೌನದಲ್ಲಿ ಯಾರೂ ಉಸಿರು ಬಿಡಲಿಲ್ಲ.
ಕಡ್ಡಿ ಇಳಿಸಿದೆ. ಟಕ್.
ಒರ್ಮೊನ್‌ಬೆಕ್ ಅದನ್ನು ಮೂಸಿ, ತೋಳಿನಲ್ಲಿ ಒರೆಸಿ,
ಬಟ್ಟೆ ಸುತ್ತಿ ಸೀಟಿನಡಿ ಮಲಗಿಸಿದ.
ಅದರದ್ದೇನೂ ತಪ್ಪಿಲ್ಲ, ಮೊದಲೇ ಹೇಳಿತ್ತು.
ಬುರುಲ್ಕಾನ್ ಎರಡು ರಜಾಯಿ ಬಿಡಿಸಿ
ಲಾರಿಯ ಮೂತಿಗೆ ಹೊದಿಸಿದಳು.
ಮದುಮಗಳಿಗಿಂತ ಮೊದಲು ಎಂಜಿನಿಗೆ.

ಡಬ್ಬ ಹೊತ್ತು ನಾನು ಹೊರಟೆ.
ಸರೋವರದ ಗಾಳಿ ಮುಖಕ್ಕೆ ಮರಳು ಎರಚಿತು;
ಕಣ್ಣು ಬಿಡಲಾಗದೆ ಬೆನ್ನು ತಿರುಗಿಸಿ
ಹಿಂದುಹಿಂದಕ್ಕೆ ನಡೆಯತೊಡಗಿದೆ.
ಲಾರಿ ಕುಗ್ಗುತ್ತ ಕುಗ್ಗುತ್ತ ಗುಲಗಂಜಿಯಷ್ಟಾಯಿತು.
ಅದರ ಪಕ್ಕ ಯಾರೋ ಕೈಯೆತ್ತಿ ಬೀಸುತ್ತಿದ್ದರು.
ಗಾಳಿ ಎದುರಾಗಿ ಕೇಳಿಸಲಿಲ್ಲ,
ಆದರೂ ಗೊತ್ತಾಯಿತು:
ರೈಟ್, ರೈಟ್,
ಹೋಗಲಿ.