ಕಾಲ್ಮರಿ

ಬಾ ಭರಮೂ, ಕೂಡು. ಬೈಯೂದು ಆಮ್ಯಾಲ ಬೈ.
ಮದಿವಿ ಮುಗದು ಮೂರು ದಿನಾ ಆಗಿಲ್ಲ,
ಕುತಗಿಮ್ಯಾಲಿನ ಅರಿಶಿಣಾ ಇನ್ನೂ ಹೋಗಿಲ್ಲ,
ಶೇಡಬಾಳದಿಂದ ಮದಭಾವಿತನಕ
ಒಂದ ಕಾಲಮ್ಯಾಲ ಬಸ್ಸು ಹತ್ತಿ ಬಂದೀ,
ಕೈಯಾಗ ಚಪ್ಪಲಿ ಹಿಡಕೊಂಡು,
ಕಳ್ಳನ್ನ ಠಾಣೆಕ್ಕ ಎಳಕೊಂಡು ಬಂದವರಂಗ.

ಎಲ್ಲಿ, ತೋರ್ಸು ಕಾಲು. ನಾಚಬ್ಯಾಡೋ.
ಮಂದಿ ಮಾರಿ ನೋಡಿ ಗುರುತು ಹಿಡೀತಾರ,
ನಾ ಅಂಗಾಲು ನೋಡಿ.
ಹೂಂ. ಹೆಬ್ಬಟ್ಟಿನ ಸಂದ್ಯಾಗ ಒಂದು ಸಣ್ಣದು,
ಪಟ್ಟಿ ಕುಂತಲ್ಲೆ ಇನ್ನೊಂದು,
ತೆಲಸಂಗದ ದ್ರಾಕ್ಷಿ ತಂದು ಅಂಟಿಸಿದಂಗ.

ಇದಕ್ಕ ಕಾಲ್ಮರಿ ಅಂತೀವಿ ನಾವು.
ಮರಿ ಅಂದಮ್ಯಾಲ ಹಲ್ಲು ಮೂಡೂ ಹೊತ್ತಿಗೆ
ಸಿಕ್ಕದ್ದು ಕಚ್ಚತೈತಿ.
ತಿಂಗಳಗಟ್ಲೆ ಜಾಲಿತೊಗಟಿ ನೀರು ಕುಡದು
ಎಮ್ಮಿ ಆಗಿದ್ದನ್ನ ಮರತೈತಿ ಈ ತೊಗಲು,
ಚಪ್ಪಲಿ ಆಗೂದು ಇನ್ನೂ ಕಲತಿಲ್ಲ.

ಹೇಳಿದ್ದೆ ನಿನಗ. ಎಂಟ ದಿನ ಮೊದಲ ಒಯ್ಯಿ,
ರಾತ್ರಿ ಔಡಲೆಣ್ಣಿ ಹಚ್ಚಿಡು,
ಮುಂಜಾನೆ ಅರ್ಧ ತಾಸು, ಸಂಜಿಗೆ ಅರ್ಧ ತಾಸು
ಮನ್ಯಾಗ ತಿರಗಾಡು, ಮರಿಗೆ ಮನಿ ತೋರಿಸಿದಂಗ.
ನೀ ಏನ ಮಾಡಿದಿ?
ಮದಿವಿ ಮುಂಜಾನೆ ಡಬ್ಬಿ ಬಿಚ್ಚಿದಿ,
ಬ್ಯಾಂಜೊ ಮುಂದ ನಾಕು ತಾಸು ಕುಣದಿ.
ಮ್ಯಾಲ ಬೆವರು, ಒಳಗ ಉಸುಕು,
ತೊಗಲಿಗೆ ತೊಗಲು ತಿಕ್ಕಿ ತಿಕ್ಕಿ,
ಒಂದು ಸತ್ತದ್ದು, ಒಂದು ಜೀವಂತದ್ದು.
ಸೋಲೂದು ಯಾವಾಗಲೂ ಜೀವಂತದ್ದ.

ಏ, ಉಗರು ಹಚ್ಚಬ್ಯಾಡ!
ಆ ಪೊರಿ ಐತೆಲ್ಲ, ಅದ ಅದರ ಮಾಳಗಿ.
ಕೆಳಗ ಹಸುಗೂಸಿನಂಥ ತೊಗಲು ಮಲಗೈತಿ,
ಮಾಳಗಿ ಕಿತ್ತರ ಬಿಸಲಿಗೆ ಬೀಳತೈತಿ.
ಸಾಬಾಣ ನೀರಾಗ ತೊಳಿ. ಒತ್ತಿ ಒರಸು, ತಿಕ್ಕಬ್ಯಾಡ.
ಸೊಸಿ ಸುರೇಖಾ ಅಥಣಿ ದವಾಖಾನ್ಯಾಗ ನರ್ಸ ಅದಾಳ,
ಆಕಿ ಹೇಳಿಕೊಟ್ಟಾಳ ನನಗ:
ಸ್ವಚ್ಛನ ಅರಿವೀದು ಸಿಂಬಿ ಮಾಡು, ಸುತ್ತ ಇಡು, ಪಟ್ಟಿ ಕಟ್ಟು.
ನೀರು ತುಂಬಿದ ಕೊಡ ಅದು, ತುಳುಕಬಾರದು.
ನಾಕೈದು ದಿನದಾಗ ತಾನ ಇಂಗತೈತಿ.
ಏನು, ನನ್ನ ಉಳಿ ಇಸಕೊಂಡು ಚುಚ್ಚತೀಯಾ?
ಈ ಉಳಿ ಎಮ್ಮಿಗೆ.

ನಮ್ಮ ಅತ್ತಿ ಇದಕ್ಕ ಬೊಬ್ಬಿ ಅಂತಿದ್ದಳು.
ಕೂಗಿಗೂ ಅದ ಮಾತು.
ಬಾಯಿ ಇಲ್ಲದ್ದು ತೊಗಲು, ಹಿಂಗ ಬೊಬ್ಬಿ ಹೊಡೀತೈತಿ.
ಹೊಡೀಲಿ. ಹೊಡದರ ಛಲೋ.

ಅಲ್ಲಿ ಹೊರಸಿನಮ್ಯಾಲ ಕುಂತಾರಲ್ಲ,
ಹೆಸರು ಹಿಡದು ಕರಿಯೂದಿಲ್ಲ ನಾ,
ನಲವತ್ತು ವರ್ಷ ಮಂದಿ ಕಾಲು ಅಳದವರು.
ಸಕ್ರಿ ಬ್ಯಾನಿ.
ಅವರಿಗೂ ಎದ್ದಿತ್ತು ಒಂದು, ನಿಂದರಷ್ಟ.
ಅದು ಬೊಬ್ಬಿ ಹೊಡೀಲಿಲ್ಲ.
ಹನ್ನೊಂದು ದಿನಾ ಅದರಮ್ಯಾಲ ನಡದರು,
ಹದದ ಹೊಂಡದಾಗ ಇಳದರು, ಸಂತಿ ಮಾಡಿದರು.
ಒಂದಿನ ಕಾಲು ತೊಳಿಯೂವಾಗ ನೀರು ಕೆಂಪಾತು.
ನಾ ನೋಡಿದೆ. ಅವರು ನಗತಿದ್ದರು, ಏನೋ ಮಾತಿಗೆ.
ಎಡಗಾಲಿನ ಹೆಬ್ಬಟ್ಟು ಮಿರಜದಾಗ ಬಿಟ್ಟು ಬಂದೆವು.

ಈಗ ಅವರ ಜೋಡು ನಾನ ಮಾಡತೀನಿ.
ಎಡದ್ದಕ್ಕ ಅಂಗುಟ ಇಲ್ಲ,
ಹಿಂದೊಂದು ಪಟ್ಟಿ, ಒಳಗ ಆಡಿನ ಮೆತ್ತನ ತೊಗಲು.
ದಿನಾ ರಾತ್ರಿ ಮೊಬೈಲ್ ಬ್ಯಾಟರಿ ಹಚ್ಚಿ
ಅಂಗಾಲು ನೋಡತೀನಿ, ಜ್ವಾಳದಾಗ ಹಳ್ಳು ಆರಿಸಿದಂಗ.
ಸುಮ್ಮನಿರೂ ಕಾಲನ್ನ ನಂಬೂದು ಬಿಟ್ಟೀನಿ.

ತಾ ಇಲ್ಲೆ ನಿಂದು. ಕಿವಿ ಒಂದೀಟು ಬಡೀತೀನಿ.
ಹೌದೋ, ಇದಕ್ಕೂ ಎರಡು ಕಿವಿ ಅದಾವ, ಈ ಬದಿಗೆ, ಈ ಬದಿಗೆ.
ಕೊಡತಿ ಮಾತಷ್ಟ ಕೇಳತಾವ.
ಸುತ್ತ ಕೆಂಪಾಗಿ ಬಿಸಿ ಹತ್ತಿದರ, ಕೀವು ಕಂಡರ
ನನ್ನ ಕಡೆ ಬರಬ್ಯಾಡ, ಸುರೇಖಾನ ಕಡೆ ಹೋಗು.
ಬರಿಗಾಲೀಲೆ ಹೊಂಡಬ್ಯಾಡ,
ಬಾಗಿಲದಾಗ ನನ್ನ ರಬ್ಬರ್ ಚಪ್ಪಲಿ ಅದಾವ, ಮೆಟ್ಟಿಕೊಂಡು ಹೋಗು,
ಬಸ್ಸಿನ್ಯಾಗ ನಗವರು ನಗಲಿ.

ಸೋಮವಾರ ಬಾ. ಹೆಂಡತೀನ್ನೂ ಕರಕೊಂಡು ಬಾ,
ಆಕಿ ಕಾಲಳತಿ ತಗೀತೀನಿ.
ಆಕಿಗೂ ಕಚ್ಚತಾವ, ಈಗ ಹೇಳೀನಿ ನೋಡು.