ಬಾಯಿ ಮುಚ್ಚುವ ತರಬೇತಿ

ಲ್ವೀಂಡೋ, ಆ ಸುಣ್ಣದ ಕಡ್ಡಿ ಕೆಳಗಿಡು.
ಕರಿಹಲಗೆಗೆ ಇವತ್ತು ರಜೆ.
ನಾಲ್ಕು ದಿನಕ್ಕೇ ನಿನ್ನ ನೋಟುಪುಸ್ತಕ ತುಂಬಿತು,
ಬಾಯಿ ಇನ್ನೂ ಖಾಲಿಯಾಗಿಲ್ಲ.

ಮೊದಲು ಆ ಮಾತು ಹೇಳು.
'ಹೊರಕಡೆ' ಅಲ್ಲ, 'ಎರಡಕ್ಕೆ' ಅಲ್ಲ,
'ಮಲವಿಸರ್ಜನೆ' ಅಂತೂ ಅಲ್ಲವೇ ಅಲ್ಲ.
ಅಜ್ಜಿ ಮಗುವಿನ ಕುಂಡೆ ತೊಳೆಯುತ್ತಾ ಅನ್ನುವ ಮಾತು.
ಹೇಲು.
ನಗಬೇಡ. ಸರಿ, ನಕ್ಕೇ ಹೇಳು, ಇನ್ನೊಮ್ಮೆ.

ನಾನೂ ನಿನ್ನ ಹಾಗೇ ಬಂದಿದ್ದೆ ಈ ಗ್ವೆಂಬೆ ಕಣಿವೆಗೆ,
ಲಾರಿ ತುಂಬ ಸಿಮೆಂಟು, ಕಂಕುಳಲ್ಲಿ ರಸೀದಿ ಪುಸ್ತಕ.
ಒಂದೇ ಬೇಸಿಗೆಗೆ ನಲವತ್ತೊಂದು ಪಾಯಿಖಾನೆ.
ಫೋಟೊ ಹಿಡಿದರು, ನನಗೊಂದು ಸೈಕಲ್ಲು ಕೊಟ್ಟರು.
ಮರುವರ್ಷ ಹೋಗಿ ನೋಡಿದರೆ
ಒಂದರಲ್ಲಿ ಮೆಕ್ಕೆಜೋಳ, ಒಂದರಲ್ಲಿ ಮರಿ ಹಾಕಿದ ಮೇಕೆ,
ಇನ್ನೊಂದಕ್ಕೆ ಬೀಗ, ನೆಂಟರು ಬಂದರೆ ಇರಲಿ ಅಂತ.
ಊರಿಗೆ ಊರೇ ಎಂದಿನಂತೆ ಮೊಪಾನೆ ಪೊದೆಯ ಹಿಂದೆ.
'ನಿಮ್ಮ ಪಾಯಿಖಾನೆ ಬಲು ಚಂದ ಅಮ್ಮಾ' ಅಂದರು.
ನಿಮ್ಮ.
ಆ ಎರಡಕ್ಷರ
ಇಪ್ಪತ್ತು ವರ್ಷದಿಂದ ಹಲ್ಲಿನ ಸಂದಿಯಲ್ಲಿದೆ.

ನಿನ್ನೆ ನೀನು ಕೆಟ್ಟದಾಗೇನೂ ಮಾಡಲಿಲ್ಲ.
ಮುಖಂಡನ ಅಂಗಳ ಗುಡಿಸಿಸಿದೆ,
ಬೂದಿ ಕೊಟ್ಟೆ, ಮಕ್ಕಳು ಊರು ಬರೆದರು,
ಮನೆಗೊಂದು ಎಲೆ, ಹಳ್ಳಕ್ಕೊಂದು ನೀಲಿ ಬಟ್ಟೆಯ ಸೀಳು.
'ನೀವು ಹೋಗುವ ಜಾಗಕ್ಕೆ ಹಳದಿ ಹಿಟ್ಟು ಹಾಕಿ' ಅಂದೆ.
ಹಾಕಿದರು, ಕಿಸಿಕಿಸಿ ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ.
ಆಮೇಲೆ ಒಬ್ಬಾಕೆ, ಕೆಂಪು ಚಿಟೆಂಗೆ ಉಟ್ಟವಳು,
ತನ್ನ ಚಿಟಿಕೆ ಹಿಟ್ಟನ್ನೂ
ಅದರ ಕೆಳಗೇ ಇದ್ದ ನೀರು ತುಂಬುವ ಕಲ್ಲನ್ನೂ ನೋಡುತ್ತಾ
ನಿಂತುಬಿಟ್ಟಳು.
ಆಗಲೇ ನೀನು ಗಂಟಲು ಸರಿಮಾಡಿಕೊಂಡದ್ದು:
'ಹಾಗಾದರೆ ಈ ಕ್ರಿಮಿಗಳು...'
ನಿನ್ನ ಕಾಲು ತುಳಿದವಳು ನಾನೇ. ಹೆಬ್ಬೆರಳು ನೋಯುತ್ತಿದೆಯಾ?

ಆ ಲೋಟದ ವಿಷಯ ಹೇಳಲೇಬೇಕು.
ತಲೆಯಿಂದ ಕೂದಲು ಕಿತ್ತೆ, ಹೇಲಿಗೆ ಸೋಕಿಸಿದೆ, ನೀರಿಗೆ ಅದ್ದಿದೆ,
ಯಾರು ಕುಡಿಯುತ್ತೀರಿ ಅಂತ ಲೋಟ ದಾಟಿಸಿದೆ.
ಕೈಯಿಂದ ಕೈಗೆ ಬಂದು
ಕೊನೆಗದು ಸಿಯಾಬ್ಬಾಲೋನ ಮೊಣಕಾಲ ಹತ್ತಿರ ನಿಂತಿತು.
ಅವನಿಗೆ ಕಣ್ಣಿಲ್ಲವೆಂದು ನಮ್ಮ ಪಟ್ಟಿಯಲ್ಲಿರಲಿಲ್ಲ.
ಅವನು ಕೇಳಿದ್ದು ನೀರಿನ ಸದ್ದು ಮಾತ್ರ.
ಅಕ್ಟೋಬರಿನ ಬಿಸಿಲು. ಲೋಟ ಎತ್ತಿಕೊಂಡ.

ನೀನು ಜಿಗಿದೆ. ನಿನ್ನ ಮಣಿಕಟ್ಟು ನನ್ನ ಕೈಯಲ್ಲಿತ್ತು.
ಒಂದು, ಎರಡು, ಎಣಿಸುತ್ತಿದ್ದೆ.
ಮೂರಕ್ಕೆ ನಾನೇ ಕೂಗಿಬಿಡುತ್ತಿದ್ದೆ,
ಇದನ್ನು ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳಬೇಡ.

ಎರಡಕ್ಕೆ
ಬೆಳಗಿನಿಂದ ತುಟಿ ಬಿಚ್ಚದ ಚಾಬೋಟ,
ಬೆನ್ನಿಗೆ ತಮ್ಮನನ್ನು ಕಟ್ಟಿಕೊಂಡ ಆ ಹುಡುಗಿ, ಚೀರಿದಳು:
'ತಾತಾ ಬೇಡ! ಅದರಲ್ಲಿ ನಮ್ಮ ಹೇಲಿದೆ!'

ನಮ್ಮ, ಅಂದಳು.
ಕೇಳಿಸಿತಾ?

ಮುದುಕ ಲೋಟವನ್ನು ಮೆಲ್ಲಗೆ ನೆಲಕ್ಕಿಟ್ಟು ಕೇಳಿದ:
'ಹಾಗಾದರೆ ಇಷ್ಟು ವರ್ಷ ಕುಡಿದದ್ದು?'
ಯಾರೂ ಉಸಿರೆತ್ತಲಿಲ್ಲ. ಗಿನಿಕೋಳಿಯೊಂದು
ಅಂಗಳದ ಊರಿನೊಳಗೆ ನುಗ್ಗಿ ಹಳದಿ ಹಿಟ್ಟು ಹೆಕ್ಕಿತು.
ನಿನ್ನಲ್ಲೂ ಉತ್ತರವಿರಲಿಲ್ಲ.
ಐದು ದಿನದಲ್ಲಿ ನೀನು ಮಾಡಿದ ಒಳ್ಳೆಯ ಕೆಲಸ ಅದು.

ಇವತ್ತು ನಸುಕಿಗೇ ಹೋಗಿ ನೋಡಿ ಬಂದೆ.
ಸಿಮೆಂಟಿಲ್ಲ, ರಸೀದಿಯಿಲ್ಲ,
ಸೊಂಟದುದ್ದ ಗುಂಡಿ, ಸುತ್ತ ಹುಲ್ಲಿನ ತಟ್ಟಿ, ಅರ್ಧ ಎದ್ದಿದೆ.
ಸಿಯಾಬ್ಬಾಲೋನ ಬಾಗಿಲಿನಿಂದ ಅಲ್ಲಿಯವರೆಗೆ
ದೊಡ್ಡಹುಣಸೆ ನಾರಿನ ಹಗ್ಗ ಬಿಗಿದಿದ್ದಾಳೆ ಚಾಬೋಟ,
ನಡುನಡುವೆ ಗಂಟು ಹಾಕಿ.
ಮೂರನೆಯ ಗಂಟಿಗೆ ಎಡಕ್ಕೆ ತಿರುಗಬೇಕಂತೆ.
ನಮ್ಮ ಕೈಪಿಡಿಯ ಯಾವ ಪುಟದಲ್ಲಿದೆ ಅದು, ಹೇಳು?

ಬಿಡು. ಜೀಪು ಬಂತು.
ನಾಳೆ ಸಿನಾಜೋಂಗ್ವೆಯಾಚೆಯ ಊರಿಗೆ ನೀನೊಬ್ಬನೇ.
ಮಾತು ಬಾಯಿಗೆ ಬಂದಾಗ
ನಿನ್ನ ಕಾಲು ನೀನೇ ತುಳಿದುಕೋ.